ಗಾಳಿ ಲೈನಿಗೆ ಪಿವಿಸಿ ಪೈಪ್ ಯಾಕೆ ಬೇಡ?

ಮನೆ ಗ್ಯಾರೇಜಿಗೆ ಕಂಪ್ರೆಸರ್ ತಂದ ಮೇಲೆ ಮುಂದಿನ ಪ್ರಶ್ನೆ ಪೈಪಿನದು. ಅಗ್ಗಕ್ಕೆ ಸಿಗೋದು ಪಿವಿಸಿ. ಪೈಪಿನ ಮೇಲೆ 10 ಕೆಜಿ ಪ್ರೆಶರ್ ಅಂತ ಮುದ್ರೆ ಇದೆ, ಕಂಪ್ರೆಸರ್ ಕೊಡೋದು 8 ಬಾರ್. ಸಾಕಲ್ಲ ಅನ್ನಿಸುತ್ತೆ. ಸಾಲದು, ಆ ಅಂಕಿ ನೀರಿಗೆ ಕೊಟ್ಟಿದ್ದು.

ಲೆಕ್ಕ ನೋಡೋಣ. 20 ಮಿ.ಮೀ. ಒಳವ್ಯಾಸದ 10 ಮೀಟರ್ ಪೈಪು ಸುಮಾರು 3 ಲೀಟರ್ ಹಿಡಿಯುತ್ತದೆ. 8 ಬಾರ್ ಒತ್ತಡದಲ್ಲಿ ಅಷ್ಟು ನೀರಿನಲ್ಲಿ ಶೇಖರವಾಗುವ ಶಕ್ತಿ ಅರ್ಧ ಜೂಲ್ ಆಸುಪಾಸು. ಗಾಳಿಯಲ್ಲಾದರೆ 2,000 ಜೂಲ್‌ಗೂ ಹೆಚ್ಚು! ನೀರು ಕುಗ್ಗುವುದೇ ಇಲ್ಲ ಅನ್ನಬಹುದು; ಗಾಳಿ ಸ್ಪ್ರಿಂಗಿನ ಹಾಗೆ ಅದುಮಿಕೊಂಡು ಕೂತಿರುತ್ತೆ. ಹಾಗಾಗಿ ಪಿವಿಸಿ ಬಿರುಕು ಬಿಟ್ಟರೆ ನೀರು ಬರೀ ಚಿಮ್ಮುತ್ತೆ, ಗಾಳಿ ಲೈನ್ ಸಿಡಿದು ಚೂಪಾದ ಚೂರುಗಳು ಹಾರುತ್ತವೆ. ಬಿಸಿ, ಬಿಸಿಲು, ಕೆಲವು ಕಂಪ್ರೆಸರ್ ಎಣ್ಣೆಗಳು ಪಿವಿಸಿಯನ್ನು ಇನ್ನಷ್ಟು ದುರ್ಬಲ ಮಾಡುತ್ತವೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 1988ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಹಾಗಾದರೆ ಯಾವುದು?

ಜಿಐ: ಗಟ್ಟಿ, ಕೆಲಸದವರು ಸುಲಭವಾಗಿ ಸಿಗುತ್ತಾರೆ. ಒಳಗೆ ತುಕ್ಕು ಬರಬಹುದು, ಫಿಲ್ಟರ್ ಬೇಕು.
ತಾಮ್ರ: ತುಕ್ಕಿಲ್ಲ. ಬೆಲೆ ಜಾಸ್ತಿ, ಬ್ರೇಜಿಂಗ್ ಬರಬೇಕು.
ಗಾಳಿ ಲೈನಿಗೆಂದೇ ಬರುವ ಅಲ್ಯೂಮಿನಿಯಂ: ಹಗುರ, ಬೆಸುಗೆ ಬೇಡ. ಫಿಟಿಂಗ್ ದುಬಾರಿ.

ಯಾವುದೇ ಹಾಕಿ, ಕಂಪ್ರೆಸರ್ ಮತ್ತು ಪೈಪಿನ ನಡುವೆ ರಬ್ಬರ್ ಹೋಸ್ ಇರಲಿ. ಇಲ್ಲದಿದ್ದರೆ ಅದುರಿ ಅದುರಿ ಜಾಯಿಂಟ್ ಸಡಿಲವಾಗುತ್ತೆ. ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ಡ್ರೈನ್ ವಾಲ್ವ್ ಇಡಿ. ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆದರೆ ನೀರು ಟೂಲಿಗೆ ಇಳಿಯೋದಿಲ್ಲ.

ಈಗಾಗಲೇ ಪಿವಿಸಿ ಹಾಕಿದ್ದರೆ ಗಾಳಿ ಪೂರ್ತಿ ಬಿಟ್ಟು ಬಿಚ್ಚಿಡಿ. ಬೇರೆ ಪೈಪು ಬರುವ ತನಕ ಒಳ್ಳೆ ಏರ್ ಹೋಸ್ ಒಂದೇ ಸಾಕು.