ಫೋನು ಬದಲಿಸೋ ಮುಂಚೆ ಈ ಮಾತು ಕೇಳಿಸಿಕೊಂಡು ಹೋಗಿ

ದಸರಾ ಹತ್ತಿರ ಬಂತು ಅಂದರೆ ಮನೆ ಮಕ್ಕಳೆಲ್ಲ ಹೊಸ ಫೋನಿನ ಮಾತು ತೆಗೀತಾರೆ. ಬೇಡ ಅಂತ ನಾನು ಯಾರಿಗೂ ಹೇಳಲ್ಲ. ಬ್ಯಾಂಕು, ಕರೆಂಟ್ ಬಿಲ್ಲು, ತರಕಾರಿಯವನಿಗೆ ಕೊಡೋ ದುಡ್ಡು ಎಲ್ಲವೂ ಅದರೊಳಗೇ ಇರುವಾಗ ಫೋನು ಚೆನ್ನಾಗಿರಲೇಬೇಕು. ಆದರೆ ಅಂಗಡಿ ಮೆಟ್ಟಿಲು ಹತ್ತೋ ಮುಂಚೆ ಒಂದಿಷ್ಟು ನೆನಪಿಟ್ಟುಕೊಳ್ಳಿ.

• ಮೊದಲು ಕೈಲಿರೋ ಫೋನಿಗೆ ಏನಾಗಿದೆ ನೋಡಿ. "ಹ್ಯಾಂಗ್ ಆಗ್ತಿದೆ" ಅಂತ ಬೇಸರಪಡೋರ ಫೋನು ತೆಗೆದು ನೋಡಿದರೆ, ವಾಟ್ಸಾಪಿನ ಶುಭೋದಯದ ಚಿತ್ರ, ಯಾರದೋ ಮದುವೆ ವಿಡಿಯೋ ತುಂಬಿ ಉಸಿರಾಡೋಕೂ ಜಾಗ ಇರಲ್ಲ. ಒಂದು ಭಾನುವಾರ ಕೂತು ಅಳಿಸಿ.

• ಚಾರ್ಜು ನಿಲ್ಲದಿದ್ದರೆ ಬ್ಯಾಟರಿ ಮಾತ್ರ ಬದಲಿಸಿ, ಹೊಸ ಫೋನಿನ ಖರ್ಚು ಒಂದೆರಡು ವರ್ಷ ಮುಂದಕ್ಕೆ ಹೋಗುತ್ತೆ. ಕಂಪನಿಯ ಸರ್ವೀಸ್ ಸೆಂಟರಿನಲ್ಲೇ ಹಾಕಿಸಿ. ಬ್ಯಾಟರಿ ಊದಿ ಹಿಂದಿನ ಮುಚ್ಚಳ ಎದ್ದಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು.

• ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳಿನದು ಅಂತ ನೋಡಿ. ವರ್ಷಗಟ್ಟಲೆ ಬಂದಿಲ್ಲ ಅಂದರೆ ಆಗ ಜಿಪುಣತನ ಬೇಡ, ಬದಲಿಸಿ. ದುಡ್ಡು ಕಳಿಸೋ ಫೋನಿಗೆ ಬೀಗ ಗಟ್ಟಿಯಾಗಿರಬೇಕು.

• ಎಷ್ಟು ಖರ್ಚು ಮಾಡ್ತೀರಿ ಅಂತ ಮನೇಲೇ ಚೀಟಿ ಮೇಲೆ ಬರೆದುಕೊಂಡು ಹೋಗಿ. ಪೌಚು, ಗಾಜು, ಚಾರ್ಜರಿನ ದುಡ್ಡೂ ಅದರೊಳಗೇ ಬರಲಿ. ಈಗ ಎಷ್ಟೋ ಫೋನಿನ ಡಬ್ಬಿಯಲ್ಲಿ ಚಾರ್ಜರೇ ಇರಲ್ಲ, ಮನೆಗೆ ಬಂದ ಮೇಲೆ ನೆನಪಾಗುತ್ತೆ.

• ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳಿ ಮರುಳಾಗಬೇಡಿ. ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ ಅಂತ ಕೇಳಿ. ಸ್ಯಾಮ್‌ಸಂಗ್ ಎಸ್24ರಿಂದ, ಗೂಗಲ್ ಪಿಕ್ಸೆಲ್ 8ರಿಂದ ಏಳು ವರ್ಷ ಅಂತ ಮಾತು ಕೊಟ್ಟಿದ್ದಾರೆ. ಕಡಿಮೆ ಬೆಲೆಯವಕ್ಕೆ ಎರಡೋ ಮೂರೋ ವರ್ಷ ಇರಬಹುದು. ಬೆಲೆಯನ್ನ ಆ ವರ್ಷಗಳಿಂದ ಭಾಗಿಸಿ ನೋಡಿ, ಯಾವುದು ಅಗ್ಗ ಅಂತ ಆಗ ಗೊತ್ತಾಗುತ್ತೆ.

• ನಿಮ್ಮ ಊರಲ್ಲೋ ಪಕ್ಕದ ಪೇಟೆಯಲ್ಲೋ ಆ ಕಂಪನಿಯ ಸರ್ವೀಸ್ ಸೆಂಟರ್ ಇದೆಯಾ ವಿಚಾರಿಸಿ. ಒಡೆದ ಗಾಜಿಗೆ ಬೆಂಗಳೂರಿಗೆ ಬಸ್ಸು ಹತ್ತೋದು ಯಾರಿಗೆ ಬೇಕು?

• ಅಂಗಡಿಯ ದೀಪದಲ್ಲಿ ಎಲ್ಲವೂ ಚೆಂದ. ಬಾಗಿಲ ಹೊರಗೆ ಬಿಸಿಲಿಗೆ ತಂದು ಪರದೆ ಕಾಣುತ್ತಾ ನೋಡಿ.

• ಅಪ್ಪ ಅಮ್ಮನಿಗೆ ತರೋದಾದರೆ ಅವರು ಬಳಸ್ತಿರೋ ಕಂಪನಿಯದೇ ತನ್ನಿ. ಯಾವ ಗುಂಡಿ ಎಲ್ಲಿದೆ ಅಂತ ಅವರ ಬೆರಳಿಗೆ ರೂಢಿಯಾಗಿರುತ್ತೆ. ಅಕ್ಷರ ದೊಡ್ಡದು ಮಾಡಿಯೇ ಕೈಗೆ ಕೊಡಿ.

• ಹೊಸ ಮಾಡೆಲ್ ಬಂದ ವಾರ ಹಳೇ ಮಾಡೆಲ್ ಕೇಳಿ. ಐಫೋನು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುತ್ತೆ, ಹಿಂದಿನ ವರ್ಷದ್ದರ ಬೆಲೆ ಆಗ ಇಳಿಯುತ್ತೆ. ಹೋದ ವರ್ಷದ ಫೋನನ್ನ ಯಾರೂ ತಿರುಗಿಸಿ ನೋಡಿ ನಗಲ್ಲ.

ಇನ್ನು ದುಡ್ಡಿನ ವಿಷಯ. ನನಗೆ ಹೆಚ್ಚು ಕಳವಳ ಆಗೋದು ಇಲ್ಲೇ.

• ಆಗೋದಾದರೆ ಕೂಡಿಟ್ಟೇ ಕೊಳ್ಳಿ. ಇವತ್ತೇ ಬ್ಯಾಂಕಲ್ಲಿ ಒಂದು ವರ್ಷದ ಆರ್‌ಡಿ ಶುರು ಮಾಡಿ, ಕಂತು ಕಟ್ಟಿದ ಹಾಗೇ ಕಟ್ಟಿ. ಬಡ್ಡಿ ನೀವು ಕೊಡೋ ಬದಲು ನಿಮಗೇ ಬರುತ್ತೆ.

• ಕಂತಿನಲ್ಲೇ ತಗೊಳ್ಳೋದಾದರೆ ತಿಂಗಳ ಮೊತ್ತ ನೋಡಿ ಸಮಾಧಾನ ಪಡಬೇಡಿ, ಗುಣಿಸಿ. "ತಿಂಗಳಿಗೆ ಬರೀ 1,999" ಅಂತಾರೆ. 18 ತಿಂಗಳಿಗೆ ಅದು 35,982 ರೂಪಾಯಿ. ಮೇಲೆ ಪ್ರೊಸೆಸಿಂಗ್ ಫೀ, ಅದಕ್ಕೆ ಶೇ. 18 ಜಿಎಸ್‌ಟಿ.

• ನೋ ಕಾಸ್ಟ್ ಇಎಂಐ ಅಂದ ತಕ್ಷಣ ಹೂಂ ಅನ್ನಬೇಡಿ. "ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" ಅಂತ ಕೇಳಿ. ಎರಡಕ್ಕೂ ಇರೋ ವ್ಯತ್ಯಾಸವೇ ಬಡ್ಡಿ. ಕ್ರೆಡಿಟ್ ಕಾರ್ಡಿನಲ್ಲಾದರೆ ಬ್ಯಾಂಕು ಒಳಗೊಳಗೆ ಬಡ್ಡಿ ಲೆಕ್ಕ ಹಾಕಿ ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತೆ, ಬಿಲ್ಲು ಬಂದಾಗ ಸಾಲು ಸಾಲಾಗಿ ಓದಿ.

• ಕಂತಿನ ತಾರೀಖು ಸಂಬಳ ಬಂದ ಮೇಲಕ್ಕೆ ಇರಲಿ. ಖಾತೆಯಲ್ಲಿ ನೂರು ರೂಪಾಯಿ ಕಡಿಮೆಯಾಗಿ ಕಂತು ವಾಪಸ್ಸು ಹೋದರೂ ಬ್ಯಾಂಕು ಒಂದು ದಂಡ, ಸಾಲ ಕೊಟ್ಟವರು ಇನ್ನೊಂದು ದಂಡ ಹಾಕ್ತಾರೆ. ಸಿಬಿಲ್ ಅಂಕವೂ ಇಳಿಯಬಹುದು. ನಾಳೆ ಮನೆ ಸಾಲ ಕೇಳೋಕೆ ಹೋದಾಗ ಈ ಫೋನಿನ ಕಂತು ಎದುರಿಗೆ ಬಂದು ಕೂರುತ್ತೆ.

• ಕಾರ್ಡಿನಲ್ಲಿ ಕೊಂಡರೆ ಪೂರ್ತಿ ಬಿಲ್ಲು ಕಟ್ಟಿ. ಮಿನಿಮಮ್ ಕಟ್ಟಿದರೆ ಸಾಕು ಅಂತ ಬಿಟ್ಟರೆ ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಬಡ್ಡಿ ಓಡುತ್ತೆ.

• ಕೌಂಟರಿನಲ್ಲಿ ಅವಸರ ಮಾಡಬೇಡಿ. ಹುಡುಗ ಟ್ಯಾಬ್ ಹಿಡಿದು "ಮೇಡಂ, ಒಂದು ಓಟಿಪಿ ಹೇಳಿ", "ಇನ್ನೊಂದು ಬಂತಲ್ಲ, ಅದನ್ನೂ ಹೇಳಿ" ಅಂತ ಕೇಳ್ತಾನೇ ಇರ್ತಾನೆ. ಹಿಂದೆ ನಾಲ್ಕು ಜನ ನಿಂತಿರ್ತಾರೆ, ನಿಮಗೆ ಸಂಕೋಚ. ಕನ್ನಡಕ ಹಾಕ್ಕೊಂಡು ಆ ಮೆಸೇಜು ಪೂರ್ತಿ ಓದಿ, ಆಮೇಲೆ ಹೇಳಿ. ಒಂದು ಓಟಿಪಿ ಸಾಲಕ್ಕಾದರೆ ಇನ್ನೊಂದು ನೀವು ಕೇಳದ ಇನ್ಶೂರೆನ್ಸಿಗೆ ಇರಬಹುದು. ಬೇಡ ಅನ್ನೋದು ನಿಮ್ಮ ಹಕ್ಕು, ಮೆತ್ತಗೆ ಆದರೆ ಗಟ್ಟಿಯಾಗಿ ಹೇಳಿ.

• ಇದೊಂದನ್ನ ದಯವಿಟ್ಟು ಮರೀಬೇಡಿ: ಬೇರೆಯವರ ಫೋನಿಗೆ ನಿಮ್ಮ ಹೆಸರಲ್ಲಿ ಸಾಲ ತೆಗೀಬೇಡಿ. "ಅಕ್ಕಾ, ಆಧಾರ್ ಮಾತ್ರ ನಿಂದು, ಕಂತು ನಾನೇ ಕಟ್ತೀನಿ" ಅಂತ ಬರ್ತಾರೆ. ಮನಸ್ಸು ಒಳ್ಳೆಯದೇ ಇರುತ್ತೆ. ಮೂರನೇ ತಿಂಗಳಿಗೆ ಕೆಲಸ ಹೋಗುತ್ತೆ, ವಸೂಲಿಯವರ ಕರೆ ನಿಮಗೆ ಬರುತ್ತೆ. ಸಂಬಂಧ ಉಳಿಯಬೇಕು ಅಂತಿದ್ದರೆ ಕೈಲಾದಷ್ಟು ದುಡ್ಡು ಕೊಟ್ಟು ಕಳಿಸಿ, ಸಹಿ ಕೊಡಬೇಡಿ.

• ಸೆಕೆಂಡ್ ಹ್ಯಾಂಡ್ ಕೊಳ್ಳೋರು ದುಡ್ಡು ಕೊಡೋ ಮುಂಚೆ *#06# ಒತ್ತಿ. ಕೆವೈಎಂ (KYM) ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ಬಂದ 15 ಅಂಕಿಯ ಐಎಂಇಐ ಸಂಖ್ಯೆ ಟೈಪ್ ಮಾಡಿ, 14422ಕ್ಕೆ ಮೆಸೇಜು ಕಳಿಸಿ. ಕಳವಾಗಿ ಬ್ಲಾಕ್ ಆದ ಫೋನಾಗಿದ್ದರೆ ತಿಳಿಯುತ್ತೆ. ಬಿಲ್ಲಿಲ್ಲದ ಫೋನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

• ಹಳೇ ಫೋನನ್ನ ಅವತ್ತೇ ಎಕ್ಸ್‌ಚೇಂಜಿಗೆ ಕೊಟ್ಟುಬಿಡಬೇಡಿ. ವಾಟ್ಸಾಪ್, ಫೋಟೋ, ಯುಪಿಐ ಎಲ್ಲ ಹೊಸದರಲ್ಲಿ ಸರಿಯಾಗಿ ನಡೀತಿದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ ಕೊಡಿ. ಸಿಮ್ಮು, ಮೆಮೊರಿ ಕಾರ್ಡು ತೆಗೆದಿದ್ದೀರಾ? ಇನ್ನೊಮ್ಮೆ ನೋಡಿ.

• ಜಿಎಸ್‌ಟಿ ಬಿಲ್ಲಿನ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ, ಅಂಗಡಿಯ ಬಿಲ್ಲಿನ ಶಾಯಿ ಬೇಗ ಮಾಸಿ ಹೋಗುತ್ತೆ. ವಾರಂಟಿಗೆ ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ.

• ಕೊನೇ ಕಂತು ಮುಗಿದ ಮೇಲೆ ಸಾಲ ತೀರಿದ ಪತ್ರ ಕೇಳಿ ಪಡೆದು, ಅದೇ ಬಿಲ್ಲಿನ ಜೊತೆ ಇಡಿ.