ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ಚಂದಕವಾಡಿಯ ಒಂದು ಅನುಭವ

ಹಳೆಯ ಲ್ಯಾಪ್‌ಟಾಪ್ ತೆವಳುವುದಕ್ಕೆ ಬಹುಪಾಲು ಅದರ ಹಾರ್ಡ್‌ಡಿಸ್ಕೇ ಕಾರಣ. ಅದರೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಓದುವ ಮುಳ್ಳು ಬೇಕಾದ ಜಾಗಕ್ಕೆ ಸರಿದು, ತಟ್ಟೆ ಅಲ್ಲಿಗೆ ಸುತ್ತಿ ಬರುವಷ್ಟರಲ್ಲಿ ಹತ್ತು ಹದಿನೈದು ಮಿಲಿಸೆಕೆಂಡು ಕಳೆಯುತ್ತದೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದಬೇಕು. ಈ ಕಾಯುವಿಕೆಯೆಲ್ಲ ಕೂಡಿ ನಿಮಿಷಗಳಾಗುತ್ತದೆ. ಹಾರ್ಡ್‌ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಇಂಥ ಒಂದೊಂದು ಓದಿಗೂ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು ಸಾಕು.

ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ಇದರ ದಪ್ಪ 7 ಮಿಲಿಮೀಟರ್. ಹಳೆಯ ಡಿಸ್ಕ್ 9.5 ಮಿಲಿಮೀಟರಿನದಾಗಿದ್ದರೆ ಅಲುಗಾಡದಂತೆ ಒಂದು ಪಟ್ಟಿ ಕೊಟ್ಟು ಕೂರಿಸಬೇಕು. ಡಿಸ್ಕಿನಿಂದ ಯಂತ್ರಕ್ಕೆ ಮಾಹಿತಿ ಸಾಗುವ ಸಾಟಾ ದಾರಿಯ ಮಿತಿಯೇ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಆದ್ದರಿಂದ ಇನ್ನೂ ವೇಗದ್ದೆಂದು ಹೆಚ್ಚು ಹಣ ತೆರುವುದು ದಂಡ. 256 ಜಿಬಿಯದು ವಿಂಡೋಸ್‌ನಲ್ಲಿ 238 ಎಂದು ಕಾಣುತ್ತದೆ. ಲೆಕ್ಕ ಹಾಕುವ ಕ್ರಮದ ವ್ಯತ್ಯಾಸವದು, ಮೋಸವಲ್ಲ.

ಕಷ್ಟದ ಕೆಲಸ ಸ್ಕ್ರೂ ಬಿಚ್ಚುವುದಕ್ಕೂ ಮೊದಲೇ ಇದೆ. ಈ ಲೇಖಕರ ಚಂದಕವಾಡಿ ಹಳ್ಳಿಯ ಮನೆಯ ಲ್ಯಾಪ್‌ಟಾಪಿನಲ್ಲಿ ಅರಿಶಿನದ ಲೆಕ್ಕ, ತಾಲ್ಲೂಕು ಕಚೇರಿಗೆ ಬರೆದ ಅರ್ಜಿಗಳು, ಮದುವೆಯ ಫೋಟೋಗಳು ಎಲ್ಲ ಇದ್ದವು. ಯುಎಸ್‌ಬಿ ಕೇಬಲಿಗೆ ಎಸ್‌ಎಸ್‌ಡಿ ಸಿಕ್ಕಿಸಿ ಇಡೀ ಡಿಸ್ಕಿನ ಪ್ರತಿ ತೆಗೆಯಲು ಬಿಟ್ಟಾಗ, ಅರ್ಧ ದಾಟುವ ಹೊತ್ತಿಗೆ ಕರೆಂಟ್ ಹೋಯಿತು. ಬ್ಯಾಟರಿ ಎಂದೋ ಸತ್ತಿತ್ತು. ಪ್ರತಿ ತೆಗೆಯುವಾಗ ಹಳೆಯ ಡಿಸ್ಕನ್ನು ಓದುವುದಷ್ಟೇ ಆದ್ದರಿಂದ ಅದೃಷ್ಟಕ್ಕೆ ಯಾವುದೂ ಅಳಿಯಲಿಲ್ಲ. ಹಳ್ಳಿಯಲ್ಲಿ ಈ ಕೆಲಸಕ್ಕೆ ಕೂರುವವರು ಮುಖ್ಯವಾದುದನ್ನು ಮೊದಲು ಬೇರೆ ಡ್ರೈವಿಗೆ ಹಾಕಿಟ್ಟು, ಯುಪಿಎಸ್ ಇರುವ ಕಡೆಗೇ ಹೋಗುವುದು ಕ್ಷೇಮ.

ಎರಡನೆಯ ಸಲ ಪ್ರತಿಯ ಬದಲು ವಿಂಡೋಸನ್ನೇ ಹೊಸದಾಗಿ ಹಾಕಲಾಯಿತು. ಯಂತ್ರ ಚುರುಕಾಗಿ ಎದ್ದಿತು. ಆದರೆ ಹಳೆಯ ಡಿಸ್ಕಿನಿಂದ ನಕಲಿಸಿಕೊಂಡ ಅರ್ಜಿಗಳನ್ನು ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಎದೆ ಧಸಕ್ಕೆನ್ನುವ ಗಳಿಗೆ ಅದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅಡಿಯ ಅಕ್ಷರಗಳು ಮೇಲೆ ಬರುತ್ತವೆ. ನುಡಿಯನ್ನು ಮತ್ತೆ ಹಾಕಿದೊಡನೆ ಒಂದಕ್ಷರವೂ ತಪ್ಪದೆ ಎಲ್ಲ ಮರಳಿತು. ಯೂನಿಕೋಡಿನಲ್ಲಿ ಬರೆದಿಟ್ಟವರಿಗೆ ಈ ಪಾಡಿಲ್ಲ. ಹಳೆಯ ಡಿಸ್ಕ್ ಬಿಚ್ಚುವ ಮೊದಲೇ ಅದರಲ್ಲಿರುವ ಫಾಂಟುಗಳನ್ನೂ ನಕಲು ಮಾಡಿಕೊಂಡಿರಬೇಕು.

ಜೋಡಣೆ ಅರ್ಧ ಗಂಟೆಯದು. ಉದ್ದ ಸ್ಕ್ರೂ, ಗಿಡ್ಡ ಸ್ಕ್ರೂ ಕಲೆಸಬಾರದು. ಗಿಡ್ಡದರ ಜಾಗಕ್ಕೆ ಉದ್ದದ್ದು ತಿರುಗಿಸಿದರೆ ಒಳಗಿನ ಬೋರ್ಡಿಗೆ ಚುಚ್ಚಬಹುದು. ಬಯಾಸ್‌ನಲ್ಲಿ ಸಾಟಾ ಆಯ್ಕೆ ಎಎಚ್‌ಸಿಐ ಆಗಿದೆಯೇ ಎಂಬುದನ್ನು ವಿಂಡೋಸ್ ಹಾಕುವ ಮೊದಲೇ ನೋಡಿಕೊಳ್ಳಬೇಕು.

ಎಸ್‌ಎಸ್‌ಡಿಯಿಂದ ಅಳಿಸಿದ ಫೈಲನ್ನು ಹಾರ್ಡ್‌ಡಿಸ್ಕಿನಂತೆ ಮರಳಿ ಹುಡುಕಿ ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ. ಟ್ರಿಮ್ ಎಂಬ ಆದೇಶ ಅಳಿಸಿದ ಜಾಗವನ್ನು ಬೇಗನೆ ಬರಿದು ಮಾಡಿಬಿಡುತ್ತದೆ. ಆದಕಾರಣ ಚಂದಕವಾಡಿಯ ಮನೆಯ ಹಳೆಯ ಡಿಸ್ಕ್ ಗುಜರಿಗೆ ಹೋಗಲಿಲ್ಲ. ಒಂದು ಯುಎಸ್‌ಬಿ ಡಬ್ಬಿಯೊಳಗೆ ಸೇರಿ, ತಿಂಗಳಿಗೊಮ್ಮೆ ಅರಿಶಿನದ ಲೆಕ್ಕದ ಪ್ರತಿ ಹೊತ್ತು ಬೀರುವಿನಲ್ಲಿ ಕುಳಿತಿದೆ.