ಸೂಲಗಿತ್ತಿಯ ಉಪಕಾರವನ್ನು ನೆನೆಯುವದು

ಹೆರಿಗೆಯಲ್ಲಿ ತಾಯಿಯಾಗಲಿ ಕೂಸಾಗಲಿ ಮರಣದ ಬಾಗಲ ತನಕ ಹೋಗಿ ತಿರುಗಿ ಬಂದ ಮನೆಗಳು ನಮ್ಮ ಗ್ರಾಮಗಳಲ್ಲಿ ಅಪರೂಪವಲ್ಲ. ಅಂಥ ಮನೆಯಲ್ಲಿ ನಾಲ್ಕಾರು ದಿವಸ ಕಳೆದ ಮೇಲೆ ಸಕ್ಕರೆ ಹಂಚುತ್ತಾರೆ, ಬಂಧುಗಳಿಗೆ ಸಮಾಚಾರ ಹೇಳಿ ಕಳುಹಿಸುತ್ತಾರೆ, ಕೂಸಿಗೆ ಯಾವ ಹೆಸರಿಡಬೇಕೆಂದು ಆಲೋಚಿಸುತ್ತಾರೆ. ಆ ರಾತ್ರಿ ಯಾರ ಕೈಯಿಂದ ಎರಡು ಜೀವಗಳು ಉಳಿದವೋ ಆಕೆಯ ಹೆಸರೇನೆಂದು ಒಂದು ವರುಷದ ಮೇಲೆ ಕೇಳಿದರೆ, “ಯಾರೋ ಒಬ್ಬ ನರ್ಸಮ್ಮ” ಎಂಬ ಉತ್ತರ ಬರುವದು. ಇದು ಕೆಟ್ಟ ಮನಸ್ಸಿನಿಂದ ಆಗುವದಲ್ಲ. ಭಯದಲ್ಲಿರುವವನು ಮುಖಗಳನ್ನು ಗುರುತಿಟ್ಟು ನೋಡುವದಿಲ್ಲ; ಮೇಲಾಗಿ ಆ ಕೋಣೆಯೊಳಗೆ ನಡೆದದ್ದೇನೆಂದು ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವದಿಲ್ಲ. ತನಗೆ ಏನು ಉಪಕಾರವಾಯಿತೆಂದು ಅರಿಯದವನು ಅದನ್ನು ಹೇಗೆ ನೆನೆದಾನು? ಆದಕಾರಣ ಈ ಪಾಠದಲ್ಲಿ ಸೂಲಗಿತ್ತಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ, ಆ ಮೇಲೆ ತಂದೆತಾಯಿಗಳು ತೋರಿಸತಕ್ಕ ಕೃತಜ್ಞತೆಯ ವಿಷಯವನ್ನು ವಿಚಾರಿಸೋಣ.

ವಿಮೋಚನಕಾಂಡದ ಮೊದಲನೆಯ ಅಧ್ಯಾಯದಲ್ಲಿ ಇಬ್ಬರು ಸೂಲಗಿತ್ತಿಯರ ಹೆಸರುಗಳು ಬರೆಯಲ್ಪಟ್ಟಿವೆ: ಶಿಪ್ರಾ, ಪೂಗಾ. ಗಂಡುಕೂಸುಗಳನ್ನು ಕೊಲ್ಲಿರೆಂದು ಅವರಿಗೆ ಅಪ್ಪಣೆ ಕೊಟ್ಟ ಅರಸನು ಐಗುಪ್ತವನ್ನೆಲ್ಲಾ ಆಳುತ್ತಿದ್ದರೂ ಅವನ ಸ್ವಂತ ಹೆಸರು ಅಲ್ಲಿ ಇಲ್ಲ. ಫರೋಹನೆಂಬ ಪದವಿಯ ಹೆಸರು ಮಾತ್ರ ಉಂಟು. ಅವನು ಯಾರೆಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಕೂಸುಗಳನ್ನು ಉಳಿಸಿದ ಹೆಂಗಸರ ಹೆಸರುಗಳನ್ನೋ ಆ ಜನರು ಮರೆಯಲಿಲ್ಲ. ಆದಿಕಾಂಡದ 35ನೆಯ ಅಧ್ಯಾಯದಲ್ಲಿರುವ ಇನ್ನೊಬ್ಬ ಸೂಲಗಿತ್ತಿಗಾದರೋ ಹೆಸರಿಲ್ಲ. ಎಫ್ರಾತದ ದಾರಿಯಲ್ಲಿ ರಾಹೇಲಳಿಗೆ ಕಠಿಣವಾದ ಹೆರಿಗೆಯಾದಾಗ ಆಕೆಯು ಹತ್ತಿರವಿದ್ದು ಧೈರ್ಯ ಹೇಳಿದಳು. ಕೂಸು ಉಳಿಯಿತು, ತಾಯಿ ತೀರಿಹೋದಳು. ಯಾಕೋಬನು ಹೆಂಡತಿಯ ಸಮಾಧಿಯ ಮೇಲೆ ಕಲ್ಲು ನಿಲ್ಲಿಸಿದನೆಂದು ಓದುತ್ತೇವೆ; ಆ ಸೂಲಗಿತ್ತಿಗೆ ಏನಾದರೂ ಹೇಳಿದನೋ ಎಂಬದು ಬರೆದಿಲ್ಲ. ತಾಯಿ ಉಳಿಯದೆ ಹೋದ ಮನೆಯಿಂದ ಸೂಲಗಿತ್ತಿಯು ಮಾತಿಲ್ಲದೆ ತಲೆ ತಗ್ಗಿಸಿಕೊಂಡು ಹೋಗುವದನ್ನು ನಮ್ಮವರೂ ಕಂಡಿದ್ದಾರೆ. ಆಕೆಯು ಒಂದು ಜೀವವನ್ನು ಉಳಿಸಿಕೊಟ್ಟೇ ಹೋಗುತ್ತಾಳೆಂಬದು ದುಃಖದಲ್ಲಿ ಯಾರಿಗೂ ತೋಚದು.

ಈಗ ಆ ಕೋಣೆಯ ಒಳಗಿನ ಸಂಗತಿ. ಹೊರಗೆ ಕೂತವರು ಕೂಸಿನ ಅಳುವನ್ನು ಕೇಳಿ ಗಂಡಾಂತರ ತೀರಿತೆಂದು ಎಣಿಸುತ್ತಾರೆ. ಒಳಗಿನವಳಿಗೆ ಹೆಚ್ಚಿನ ಎಚ್ಚರದ ಗಳಿಗೆಯು ಆಗಲೇ ಆರಂಭವಾಗುವದು. ಯಾಕಂದರೆ ಕೂಸಿನ ತರುವಾಯ ಮಾಸು ಬೀಳಬೇಕು. ಮಾಸು ಅಂಟಿಕೊಂಡಿದ್ದ ಸ್ಥಳದಲ್ಲಿ ರಕ್ತನಾಳಗಳು ಬಾಯಿ ತೆರೆದಿರುತ್ತವೆ. ತುಂಬುಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆಂದು ವೈದ್ಯರು ಹೇಳುತ್ತಾರೆ. ಗರ್ಭಕೋಶದ ಸ್ನಾಯುಗಳು ಗಟ್ಟಿಯಾಗಿ ಮುದುಡಿಕೊಂಡರೆ ಆ ನಾಳಗಳು ಹಿಂಡಲ್ಪಟ್ಟು ಮುಚ್ಚಿಹೋಗುತ್ತವೆ. ಮುದುಡದೆ ಮೆತ್ತಗೆ ಉಳಿದರೆ ರಕ್ತವು ನಿಲ್ಲದು. ಆಗ ತುಟಿ ಬಿಳಿಚಿಕೊಂಡು, ಕೈಕಾಲು ತಣ್ಣಗಾಗಿ, ಆರೋಗ್ಯವಾಗಿದ್ದ ಸ್ತ್ರೀಯೂ ಒಂದೆರಡು ಗಂಟೆಗಳೊಳಗೆ ಪ್ರಾಣ ಬಿಡುವದುಂಟು.

ಕೂಸು ಹುಟ್ಟಿದ ಕೂಡಲೆ ಗರ್ಭಕೋಶವು ಮುದುಡುವಂತೆ ಆಕ್ಸಿಟೋಸಿನ್ ಎಂಬ ಔಷಧದ ಚುಚ್ಚುಮದ್ದನ್ನು ಕೊಡುವವಳು ಆಕೆಯೇ. ಆ ಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ಗರ್ಭಕೋಶವು ಕಾಯಿಯ ಹಾಗೆ ಗಟ್ಟಿಯಾಯಿತೋ ಎಂದು ಮುಟ್ಟಿ ನೋಡುತ್ತಾಳೆ, ಮೆತ್ತಗಿದ್ದರೆ ತಿಕ್ಕುತ್ತಾಳೆ. ತಾಯಿಗೆ ಆಗ ನೋವಾಗುವದು, ಆಕೆ ಕೂಗುವಳು. ಹೊರಗಿನವರು ನರ್ಸಮ್ಮನನ್ನು ಒರಟಳೆಂದು ಬೈಯುವರು. ಆದರೆ ತಾಯಿಯ ಜೀವವು ಆ ಗಳಿಗೆಯಲ್ಲಿ ಆ ತಿಕ್ಕುವ ಕೈಯಲ್ಲಿಯೇ ಉಂಟು. ಮಾಸು ಪೂರ್ತಿಯಾಗಿ ಬಿದ್ದಿತೋ ಎಂದು ತಿರುವಿ ನೋಡುವದು, ಮೂತ್ರ ನಿಂತಿದ್ದರೆ ಹೊರಡಿಸುವದು, ನಾಳದೊಳಗೆ ದ್ರವ ಏರಿಸುವದು, ಡಾಕ್ಟರನ್ನು ಕರೆಸುವದು, 108ರ ಗಾಡಿಯನ್ನು ಬರಮಾಡುವದು ಇವೆಲ್ಲಾ ಹತ್ತು ಹದಿನೈದು ನಿಮಿಷಗಳಲ್ಲಿ ಆಗಬೇಕು. ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವುಗಳು ಕಡಿಮೆಯಾಗುವವೆಂದು ಇಪ್ಪತ್ತು ಸಾವಿರ ಸ್ತ್ರೀಯರಲ್ಲಿ ನಡಿಸಿದ ಪರೀಕ್ಷೆಯಿಂದ 2017ರಲ್ಲಿ ತಿಳಿದುಬಂತು. ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ ಎಂಬ ನಾಲ್ಕು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯ ಫಲವು ಇನ್ನೂ ಸರಳವಾದದ್ದು. ಹರಿದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಸಿನಲ್ಲಿ ಹಿಡಿದು, ಗೆರೆ ಮೀರಿದ ಕೂಡಲೆ ಎಲ್ಲಾ ಚಿಕಿತ್ಸೆಗಳನ್ನು ಒಟ್ಟಿಗೆ ಆರಂಭಿಸಿದ ಆಸ್ಪತ್ರೆಗಳಲ್ಲಿ ಕಠಿಣ ರಕ್ತಸ್ರಾವ, ಅದರ ನಿಮಿತ್ತದ ಶಸ್ತ್ರಚಿಕಿತ್ಸೆ, ಮರಣ ಇವು ಕೂಡಿ ನೂರಕ್ಕೆ 60ರಷ್ಟು ಇಳಿದವು. ಆ ಕೆಲಸವನ್ನು ಮಾಡಿದವರಲ್ಲಿ ಬಹಳ ಮಂದಿ ಸೂಲಗಿತ್ತಿಯರೇ.

ಇದೇ ಹೊತ್ತಿನಲ್ಲಿ ಕೂಸು ಅಳದೆ ನೀಲಿಯಾಗಿ ಬಿದ್ದಿದ್ದರೆ ಮೊದಲಿನ ಒಂದು ನಿಮಿಷದೊಳಗೆ ಅದರ ಮೈ ಒರಸಿ, ಬೆನ್ನು ಉಜ್ಜಿ, ಆಗಲೂ ಉಸಿರು ಬಾರದಿದ್ದರೆ ಮೂಗುಬಾಯಿಗೆ ಮುಸುಕು ಹಿಡಿದು ಚೀಲದಿಂದ ಗಾಳಿ ಊದಬೇಕು. ರಾತ್ರಿಪಾಳಿಯಲ್ಲಿ ಒಬ್ಬಳೇ ಇರುವ ನರ್ಸಮ್ಮನು ತಾಯಿಯ ಕಡೆಗೂ ಕೂಸಿನ ಕಡೆಗೂ ಹೇಗೆ ತಿರುಗಿದಳೆಂಬದನ್ನು ಹೊರಗಿದ್ದ ತಂದೆಯು ಎಂದಿಗೂ ನೋಡುವದಿಲ್ಲ.

ಕಾಣದ ಉಪಕಾರ ಇನ್ನೊಂದುಂಟು. ವಿಯೆನ್ನಾ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳೂ ಇನ್ನೊಂದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಯರು ಜ್ವರದಿಂದ ಬಹಳವಾಗಿ ಸಾಯುತ್ತಿದ್ದರು. ಸೂಲಗಿತ್ತಿಯರ ವಿಭಾಗಕ್ಕೇ ಸೇರಿಸಿರೆಂದು ಬಡ ಸ್ತ್ರೀಯರು ಕಾಲಿಗೆ ಬೀಳುತ್ತಿದ್ದರಂತೆ. ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದ ಕೈಯಿಂದಲೇ ಹೆರಿಗೆಗೆ ಬರುವದೇ ಕಾರಣವೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ ಕಂಡುಹಿಡಿದು, ಕ್ಲೋರಿನ್ ನೀರಿನಲ್ಲಿ ಕೈತೊಳೆಯುವ ನಿಯಮ ಮಾಡಿದನು. ಮರಣಗಳು ಥಟ್ಟನೆ ಇಳಿದವು. ಬಾರದೆ ಹೋದ ಜ್ವರಕ್ಕಾಗಿ ಯಾರೂ ಉಪಕಾರ ಹೇಳುವದಿಲ್ಲ. ಸೂಲಗಿತ್ತಿಯ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೀಗೆ ಬಾರದೆ ಹೋದವುಗಳದ್ದೇ.

ನಮ್ಮ ರಾಜ್ಯದಲ್ಲಿ ಈ ವೃತ್ತಿಗೆ ದೊಡ್ಡ ಗೌರವ ತಂದವಳು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನು. ಶಾಲೆಯ ಓದಿಲ್ಲದ ಆಕೆಯು ಆಸ್ಪತ್ರೆಗಳಿಲ್ಲದ ಸೀಮೆಯಲ್ಲಿ ಹದಿನೈದು ಸಾವಿರಕ್ಕಿಂತ ಹೆಚ್ಚು ಹೆರಿಗೆಗಳನ್ನು ಕೂಲಿ ಕೇಳದೆ ಮಾಡಿಸಿದಳೆಂದು ಪ್ರಸಿದ್ಧಿ. 2018ರಲ್ಲಿ ಸರಕಾರವು ಆಕೆಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಅದೇ ವರುಷ ದಶಂಬರ 25ರಂದು ಆಕೆಯು ತೀರಿಹೋದಳು. ಇಷ್ಟರಿಂದ ಹೆರಿಗೆಗಳು ಮನೆಯಲ್ಲಿಯೇ ಆಗಲಿ ಎಂದು ಯಾರೂ ತಿಳಿಯಬಾರದು. ಎಷ್ಟು ನುರಿತ ಕೈಯಾದರೂ ಔಷಧವೂ ರಕ್ತವೂ ಇಲ್ಲದ ಸ್ಥಳದಲ್ಲಿ ಕೆಲವು ತಾಯಂದಿರನ್ನು ಉಳಿಸಲಾರದು. ಕರ್ನಾಟಕದಲ್ಲಿ 2001–03ರಲ್ಲಿ ಜೀವಂತ ಕೂಸು ಹುಟ್ಟಿದ ಒಂದು ಲಕ್ಷ ಹೆರಿಗೆಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. 2019–21ರ ಸಮೀಕ್ಷೆಯ ಪ್ರಕಾರ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಹಿಂದೆ ಸೂಲಗಿತ್ತಿ ಅಜ್ಜಿ ಕೂತಿದ್ದ ಸ್ಥಳದಲ್ಲಿ ಈಗ ಹೆಚ್ಚಾಗಿ ನರ್ಸಮ್ಮನು ನಿಂತಿದ್ದಾಳೆ. ಊರಿನಿಂದ ಅಲ್ಲಿಯ ತನಕ ಬಸುರಿಯ ಕೈ ಹಿಡಿದು ಬರುವವಳು ಆಶಾ ಕಾರ್ಯಕರ್ತೆ.

ಇನ್ನು ಕೃತಜ್ಞತೆಯ ವಿಷಯ. ಸೂಲಗಿತ್ತಿಗೆ ಸೀರೆ, ಕುಬಸ, ಅಕ್ಕಿ, ಎಲೆಅಡಿಕೆ ಕೊಡುವ ಪದ್ಧತಿಯು ಒಳ್ಳೇದೇ. ಆದರೆ ಗಂಡುಕೂಸಾದರೆ ಸೀರೆ, ಹೆಣ್ಣಾದರೆ ಬರೀ ಕುಬಸ ಎಂದು ಲೆಕ್ಕ ಹಾಕಿದ ಮನೆಗಳು ಎಷ್ಟೋ! ಕೂಸು ಹೆಣ್ಣೆಂದು ಆಕೆಯ ಕೆಲಸವೇನು ಕಡಿಮೆಯಾಯಿತೇ? ಮೈಲಿಗೆಯ ಬಟ್ಟೆಗಳನ್ನೆಲ್ಲಾ ಆಕೆಯಿಂದ ಒಗೆಯಿಸಿ, ಉಣ್ಣುವಾಗ ಹೊಸ್ತಿಲ ಹೊರಗೆ ಕೂರಿಸುವದು ಇನ್ನೂ ಹೇಯವಾದದ್ದು. ಆಸ್ಪತ್ರೆಯ ವಿಷಯದಲ್ಲಿ ಬೇರೊಂದು ಮಾತು ಹೇಳಬೇಕು. 2011ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಬಾಣಂತಿಗೆ ಉಚಿತವೆಂಬ ನಿಯಮ ಉಂಟು. ಕೂಸನ್ನು ತೋರಿಸುವ ಮೊದಲು ಯಾರಾದರೂ ಕೈಯೊಡ್ಡಿ ಕೇಳಿ ತೆಗೆದುಕೊಳ್ಳುವ ಹಣಕ್ಕೆ ಕೃತಜ್ಞತೆಯೆಂಬ ಹೆಸರು ಸಲ್ಲದು. ಅದನ್ನು ಕೊಡಲೂಬಾರದು, ಆ ಒಬ್ಬರ ನಿಮಿತ್ತವಾಗಿ ರಾತ್ರಿಯೆಲ್ಲಾ ದುಡಿದವಳನ್ನು ಹಳಿಯಲೂಬಾರದು.

ಕೃತಜ್ಞತೆಯ ಹೆಸರಿನಲ್ಲಿ ಆಗುವ ಮತ್ತೊಂದು ತಪ್ಪನ್ನು ತಂದೆಯಾದವರು ವಿಶೇಷವಾಗಿ ಗಮನಿಸಬೇಕು. ಭಯಂಕರವಾದ ಹೆರಿಗೆಯನ್ನು ದಾಟಿದ ಕೆಲವು ತಾಯಂದಿರು ತಿಂಗಳುಗಟ್ಟಲೆ ರಾತ್ರಿ ಬೆಚ್ಚಿ ಏಳುವರು. ಆಸ್ಪತ್ರೆಯ ವಾಸನೆ ಬಂದರೆ ಎದೆ ಡವಗುಟ್ಟುವದು. ಕೂಸನ್ನು ಎತ್ತಿಕೊಂಡಾಗಲೂ ಮನಸ್ಸು ಆ ಮಂಚದ ಮೇಲೆಯೇ ಇರುವದು. ಅದನ್ನು ಬಾಯಿಬಿಟ್ಟು ಹೇಳಿದರೆ ಮನೆಯ ಹಿರಿಯರು, “ಜೀವ ಉಳಿಯಿತಲ್ಲವೇ ಮಗಳೇ, ಇನ್ನೇನು ಬೇಕು?” ಎಂದು ಅವಳ ಬಾಯಿ ಮುಚ್ಚಿಸುವರು. ಸೂಲಗಿತ್ತಿಯನ್ನು ಪ್ರೀತಿಯಿಂದ ನೆನೆಯುವ ಹೃದಯದಲ್ಲಿಯೇ ಆ ರಾತ್ರಿಯ ಭಯವೂ ವಾಸಿಸಬಹುದು. ಒಂದು ಇನ್ನೊಂದನ್ನು ಸುಳ್ಳು ಮಾಡುವದಿಲ್ಲ. ಇಂಥವಳಿಗೆ ಬಹಳ ಸಹಾಯವಾಗುವ ಉಪಾಯವೊಂದುಂಟು: ಕೆಲವು ವಾರಗಳ ಮೇಲೆ ಆ ನರ್ಸಮ್ಮನ ಬಳಿಗೆ ಗಂಡಹೆಂಡಿರು ಹೋಗಿ, ಆ ದಿವಸ ಏನೇನಾಯಿತು, ಯಾಕೆ ಆಯಿತು, ತಾನು ಎಚ್ಚರ ತಪ್ಪಿದ್ದಾಗ ಯಾರು ಏನು ಮಾಡಿದರು ಎಂಬದನ್ನು ಕ್ರಮವಾಗಿ ಕೇಳುವದು. ತನ್ನಿಂದ ತಪ್ಪಾಯಿತೆಂದು ಒಳಗೊಳಗೆ ಕೊರಗುತ್ತಿದ್ದ ತಾಯಿಗೆ ಆಕೆಯ ಬಾಯಿಂದ ನಿಜವನ್ನು ಕೇಳಿದರೆ ಮನಸ್ಸು ಹಗುರಾಗುವದು. ಅಷ್ಟಕ್ಕೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಬಾರದಿದ್ದರೆ, ಅದು ವಾಸಿಯಾಗತಕ್ಕ ಬೇನೆಯೆಂದು ತಿಳಿದು ವೈದ್ಯರಿಗೆ ತೋರಿಸಬೇಕು. 14416 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿಯೂ ಸಲಹೆ ಸಿಕ್ಕುವದು.

ಆ ಭೇಟಿಯಿಂದ ಸೂಲಗಿತ್ತಿಗೂ ಲಾಭವುಂಟು. ಆಕೆಯು ಹುಟ್ಟುವಾಗ ನೋಡಿದ ಕೂಸುಗಳಲ್ಲಿ ಬಹಳವನ್ನು ತಿರುಗಿ ನೋಡುವದೇ ಇಲ್ಲ. ನೀಲಿಯಾಗಿ ಬಿದ್ದಿದ್ದ ಕೂಸು ಹಲ್ಲು ಮೂಡಿಸಿಕೊಂಡು ನಗುವದನ್ನು ತೋರಿಸಿದರೆ ಅದು ಸೀರೆಗಿಂತ ದೊಡ್ಡ ಉಡುಗೊರೆ. ಬರೆಯಬಲ್ಲವರು ಆಸ್ಪತ್ರೆಯ ಮೇಲಧಿಕಾರಿಗೆ ಆಕೆಯ ಹೆಸರೆತ್ತಿ ನಾಲ್ಕು ಸಾಲು ಬರೆಯಲಿ. ದೂರುಗಳು ಮಾತ್ರ ಬರುವ ಮೇಜಿನ ಮೇಲೆ ಅದೊಂದು ಕಾಗದವೂ ಇರಲಿ. ತಾಯಿಗೆ ಅನ್ಯರ ರಕ್ತ ಏರಿಸಲ್ಪಟ್ಟಿದ್ದರೆ ಆರೋಗ್ಯವಂತನಾದ ತಂದೆಯು ರಕ್ತನಿಧಿಗೆ ಹೋಗಿ ತನ್ನದನ್ನು ಕೊಡಲಿ. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು. ಆ ನರ್ಸಮ್ಮನು ಮುಂದಿನ ರಾತ್ರಿ ಇನ್ನೊಬ್ಬ ತಾಯಿಯ ಬಳಿಯಲ್ಲಿ ನಿಂತಾಗ ಆಕೆಗೆ ಬೇಕಾಗುವದು ಅದೇ.

ಒಮ್ಮೆ ಹೆಚ್ಚು ರಕ್ತ ಹೋದವಳಿಗೆ ಮುಂದಿನ ಹೆರಿಗೆಯಲ್ಲಿಯೂ ಹಾಗಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಆದಕಾರಣ ರಕ್ತಸ್ರಾವವಾಯಿತೆಂಬದನ್ನೂ, ಯಾವ ಔಷಧ ಕೊಟ್ಟರು, ಎಷ್ಟು ರಕ್ತ ಏರಿಸಿದರು, ಹೆರಿಗೆ ಮಾಡಿಸಿದವಳ ಹೆಸರೇನು ಎಂಬದನ್ನೂ ತಾಯಿಕಾರ್ಡಿನಲ್ಲಿ ಬರೆಯಿಸಿಕೊಂಡು ಕಾರ್ಡನ್ನು ಜೋಪಾನವಾಗಿ ಇಟ್ಟು, ಮುಂದಿನ ಬಸುರಿನ ಮೊದಲನೆಯ ಪರೀಕ್ಷೆಗೆ ಹೋಗುವಾಗಲೇ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸತಕ್ಕದ್ದು.